ರತ್ನಮ್ಮನವರ ತೋಪಿಗೆ ಪುಸ್ತಕ ಹುಡುಕಿದ್ದು

ಕಾದಂಬರಿ ಕೇಳಿಕೊಂಡು ಬಂದವರಿಗೆ ತಪ್ಪು ಕಾದಂಬರಿ ಕೊಟ್ಟರೆ ಹೆಚ್ಚೆಂದರೆ ಆಕಳಿಕೆ ಬರುತ್ತದೆ. ಅಡುಗೆ ಪುಸ್ತಕ ತಪ್ಪಾದರೆ ಒಂದು ಹೊತ್ತಿನ ಸಾರು ಕೆಡುತ್ತದೆ. ಹಣಕಾಸಿನ ಪುಸ್ತಕ ಹಾಗಲ್ಲ. ಅದನ್ನು ಕೇಳುವವರು ಏನೋ ಒಂದು ನಿರ್ಧಾರ ಮಾಡಬೇಕಾಗಿ ಬಂದು, ಮನೆಯಲ್ಲಿ ಯಾರನ್ನೂ ಕೇಳಲಾಗದೆ ನಮ್ಮ ಮೇಜಿನ ಮುಂದೆ ನಿಂತಿರುತ್ತಾರೆ. ಈಚೆಗೆ ಗ್ರಂಥಾಲಯದ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. "ಅಮ್ಮಾ, ಉಳಿತಾಯ, ಅರ್ಥಶಾಸ್ತ್ರ ಅಂತ ಒಂದು ಬೀರು ಇದೆ. ಅದಕ್ಕೆ ಪುಸ್ತಕ ಹೇಗೆ ಆರಿಸ್ಬೇಕು?" ಎಂದು ಕೇಳಿದರು. ಬಾಯಲ್ಲಿ ಹೇಳಿದೆ. ಅವರು ತಲೆಯಾಡಿಸಿದ ರೀತಿ ನೋಡಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ ಹಾಗಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಹಾರ ಹಾಕಿದರು ಎನ್ನುವುದೆಲ್ಲ ಇದರಲ್ಲಿ ಇರುವುದಿಲ್ಲ. ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು?

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದಲ್ಲಿ, ಕೋಲಾರದಲ್ಲಿ. ಅಲ್ಲಿ ನಮ್ಮ ಮೇಲಧಿಕಾರಿ ಶ್ರೀಕಂಠಯ್ಯನವರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕವನ್ನು ಸಂತೆಯಲ್ಲಿ ಎತ್ತು ಆರಿಸುವ ಹಾಗೆ ಆರಿಸುತ್ತಿದ್ದರು. ಬೆನ್ನು ತಟ್ಟುವರು, ಹೊಲಿಗೆಯ ದಾರ ಎಳೆಯುವರು, ಅಂಟನ್ನು ಮೂಸಿ ನೋಡುವರು. "ಬೈಂಡಿಂಗ್ ಗಟ್ಟಿ ಇದ್ರೆ ಪುಸ್ತಕ ಗಟ್ಟಿ ಕಣಮ್ಮ. ಒಳಗೆ ಏನಿದೆ ಅಂತ ಓದೋನು ನೋಡ್ಕೋತಾನೆ" ಎನ್ನುವರು. ಅವರನ್ನು ಪೂರ್ತಿ ಬೈಯುವಂತೆಯೂ ಇರಲಿಲ್ಲ. ಆಗ ಒಂದು ಪುಸ್ತಕ ಕಳೆದರೆ, ಹರಿದರೆ, ಅದರ ಬೆಲೆ ನಮ್ಮ ಸಂಬಳದಲ್ಲಿ ಕತ್ತರಿಸುತ್ತಿದ್ದರು. ಆ ಹೆದರಿಕೆಗೆ ಎಷ್ಟೋ ಕಡೆ ಬೀರುವಿನ ಬೀಗದ ಕೈ ಗ್ರಂಥಪಾಲಕರ ಸೊಂಟದಲ್ಲೇ ಇರುತ್ತಿತ್ತು. ಹಾಗಾಗಿ ಅರ್ಥಶಾಸ್ತ್ರದ ಬೀರುವಿನಲ್ಲಿ ಕಾಲೇಜಿನ ದಪ್ಪ ದಪ್ಪ ಪುಸ್ತಕಗಳು ಹೊಸ ಮದುಮಗನ ಹಾಗೆ ಕೂತಿದ್ದವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

ಅಲ್ಲಿಂದ ನನ್ನನ್ನು ಮಾಲೂರಿಗೆ ಹಾಕಿದರು. ಅಲ್ಲಿ ಹೆಂಚಿನ ಕಾರ್ಖಾನೆಯಿಂದ ನಿವೃತ್ತರಾದ ಮುನಿಸ್ವಾಮಪ್ಪ ಎಂಬವರು ದಿನಾ ಪೇಪರ್ ಓದಲು ಬರುತ್ತಿದ್ದರು. ಒಂದು ದಿನ ಮೆಲ್ಲಗೆ, "ಮೇಡಮ್ಮೋರೆ, ಕೈಗೆ ಬಂದಿರೋ ದುಡ್ಡು ಎಲ್ಲಿಡ್ಬೇಕು ಅಂತ ಹೇಳೋ ಪುಸ್ತಕ ಇದೆಯಾ?" ಎಂದರು. ಆಗ ಊರೂರಿಗೆ ದುಡ್ಡು ದುಪ್ಪಟ್ಟು ಮಾಡಿಕೊಡುವ ಕಂಪನಿಗಳು ಏಜೆಂಟರನ್ನು ಬಿಟ್ಟಿದ್ದ ಕಾಲ. ನಾನು ಬ್ಯಾಂಕು, ಅಂಚೆ ಕಚೇರಿಗಳ ಬಗ್ಗೆ ಇದ್ದ ಒಂದು ಸಭ್ಯ ಪುಸ್ತಕ ಕೊಟ್ಟೆ. ಅದು ಹಳೆಯದು, ಅದರಲ್ಲಿದ್ದ ಬಡ್ಡಿ ದರ ಅಜ್ಜನ ಕಾಲದ್ದು. ಮುನಿಸ್ವಾಮಪ್ಪ ಓದಿಕೊಂಡು ಬಂದು, "ಅಯ್ಯೋ, ಬ್ಯಾಂಕಿನೋರು ಇಷ್ಟೇ ಕೊಡೋದಾ? ಹಂಗಾದ್ರೆ ಆ ಕಂಪ್ನಿನೇ ವಾಸಿ" ಎಂದುಬಿಟ್ಟರು! ಬುದ್ಧಿ ಹೇಳಲಿ ಎಂದು ಕೊಟ್ಟ ಪುಸ್ತಕ ಏಜೆಂಟನ ಪರವಾಗಿ ವಾದ ಮಾಡಿ ಬಂದಿತ್ತು. ನಾನು ಓಡಿಹೋಗಿ ಬ್ಯಾಂಕಿನ ಬೋರ್ಡು ನೋಡಿ ಹೊಸ ದರ ಬರೆದುಕೊಂಡು ಬಂದು ತೋರಿಸಿದೆ. ಅವರು ಕೊನೆಗೆ ದುಡ್ಡನ್ನು ಅಂಚೆ ಕಚೇರಿಯಲ್ಲೇ ಇಟ್ಟರು. ನನ್ನ ಮಾತು ಕೇಳಿ ಅಂದುಕೊಂಡಿರಾ? ಅಲ್ಲ. ಏಜೆಂಟ್ ಅವರ ಮನೆಯಲ್ಲಿ ಊಟಕ್ಕೆ ಕೂತು ಎರಡು ಸಲ ತುಪ್ಪ ಕೇಳಿದನಂತೆ. "ಇಂಥಾ ಜೊಲ್ಲನ ಕೈಗೆ ದುಡ್ಡು ಕೊಡೋದಾ?" ಎಂದು ಮನಸ್ಸು ಬದಲಾಯಿಸಿದರಂತೆ. ಅಂದಿನಿಂದ ನಾನು ಇಂಥ ಪುಸ್ತಕಗಳ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸತೊಡಗಿದೆ: "ಇದರಲ್ಲಿನ ದರಗಳು ಹಳೆಯವು. ಲೆಕ್ಕ ಮಾಡುವ ದಾರಿಯನ್ನಷ್ಟೇ ನೋಡಿ." ನೀವೂ ಅಂಟಿಸಿ.

ಇನ್ನು ಶ್ರೀನಿವಾಸಪುರ. ಅಲ್ಲಿಗೆ ವರ್ಗವಾದದ್ದು ಎಂಬತ್ತರ ದಶಕದ ಮೊದಲಲ್ಲಿ. ಸುತ್ತ ಎಲ್ಲಿ ನೋಡಿದರೂ ಮಾವು. ಜನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಒಂದು ಮಧ್ಯಾಹ್ನ, ಮರಗಳಲ್ಲಿ ಹೂವು ಬರಲು ಶುರುವಾದ ಕಾಲ, ಬಾಗಿಲ ಹತ್ತಿರ ಒಬ್ಬ ಹೆಂಗಸು ಚಪ್ಪಲಿ ಬಿಡುವುದೋ ಬೇಡವೋ ಎಂದು ಯೋಚಿಸುತ್ತಾ ನಿಂತಿದ್ದರು. ನಲವತ್ತರ ಆಸುಪಾಸು. ಒಳಗೆ ಕರೆದೆ.

"ಮೇಡಂ, ವ್ಯಾಪಾರ ಕಲಿಸೋ ಪುಸ್ತಕ ಇದೆಯಾ?"

"ಯಾವ ವ್ಯಾಪಾರಮ್ಮಾ?"

"ನಂದಲ್ಲ. ನನ್ ಮೇಲೆ ನಡೆಯೋದು" ಎಂದರು.

ರತ್ನಮ್ಮ ಅಂತ. ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಪಾಲಿಗೆ ಬಂದ ಒಂದು ಮಾವಿನ ತೋಪು, ಓದುವ ಒಬ್ಬಳು ಮಗಳು. ತೋಪಿನ ಫಸಲನ್ನು ಹೂವಿನಲ್ಲೇ ಮಂಡಿಯ ವ್ಯಾಪಾರಿಗೆ ಮಾರಿಬಿಡುವುದು ಆ ಕಡೆಯ ರೂಢಿ. ಕಾಯಿ ನಿಂತರೂ ಉದುರಿದರೂ ಆಮೇಲೆ ಅದು ವ್ಯಾಪಾರಿಯ ಹಣೆಬರಹ. ಬೆಲೆ ಕುದುರಿಸುವುದು ಮಾತ್ರ ಬಾಯಲ್ಲಲ್ಲ. ಇಬ್ಬರು ಗಂಡಸರು ಕೈ ಹಿಡಿದುಕೊಂಡು ಮೇಲೆ ಒಂದು ಟವಲು ಹಾಕಿಕೊಳ್ಳುತ್ತಾರೆ. ಟವಲಿನ ಕೆಳಗೆ ಬೆರಳು ಒತ್ತಿ ಒತ್ತಿ ಬೆಲೆ ಏರಿಸುವುದು, ಇಳಿಸುವುದು. ಪಕ್ಕದಲ್ಲಿ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಪರ ಗಂಡಸಿನ ಕೈ ಹಿಡಿದು ಟವಲಿನ ಕೆಳಗೆ ಬೆರಳಾಡಿಸಲು ಹೆಂಗಸಿಗೆ ಸಾಧ್ಯವೇ? ಹಾಗಾಗಿ ರತ್ನಮ್ಮನ ಪರವಾಗಿ ಟವಲಿನ ಕೆಳಗೆ ಕೈ ಇಡುತ್ತಿದ್ದವರು ಅವರ ಗಂಡನ ಅಣ್ಣ ಚೌಡಪ್ಪ. ವ್ಯಾಪಾರ ಮುಗಿದ ಮೇಲೆ ಅವರು ಇಷ್ಟು ಎಂದು ತಂದು ಕೊಟ್ಟರೆ ಅಷ್ಟು.

"ಬಾವಗಾರು ಮೋಸ ಮಾಡ್ತಾರೆ ಅಂತ ನಾನು ಹೇಳಲ್ಲ ಮೇಡಂ. ಮಾಡಲ್ಲ ಅಂತ ಹೇಳೋಕೂ ನಂಗೆ ಗೊತ್ತಿಲ್ಲ. ಅದೇ ನನ್ ಕಷ್ಟ" ಎಂದರು. ಆ ಸಲ ಇನ್ನೊಂದು ಸೇರಿಕೊಂಡಿತ್ತು. ಪ್ರತಿ ವರ್ಷದ ರಗಳೆ ಯಾಕೆ, ತೋಪನ್ನು ಹಲವು ವರ್ಷಕ್ಕೆ ಒಟ್ಟಿಗೇ ಗುತ್ತಿಗೆ ಕೊಟ್ಟುಬಿಡೋಣ ಎಂದು ಚೌಡಪ್ಪ ಹೇಳುತ್ತಿದ್ದರು. ಕೊಟ್ಟರೆ ಮಗಳು ಟೀಚರ್ ಟ್ರೈನಿಂಗ್ ಮುಗಿಸುವವರೆಗೆ ಆ ತೋಪಿನಲ್ಲಿ ರತ್ನಮ್ಮನಿಗೆ ಒಂದು ಎಲೆ ಕೀಳುವ ಮಾತೂ ಇರುವುದಿಲ್ಲ. ಹೂವು ಪೂರ್ತಿ ಬಿಡುವುದರೊಳಗೆ ಅವರು ಹೂಂ ಅನ್ನಬೇಕಿತ್ತು, ಇಲ್ಲ ಉಹೂಂ ಅನ್ನಬೇಕಿತ್ತು.

ಮೊದಲು ಸದಸ್ಯತ್ವದ್ದೇ ತೊಡಕು. ಸ್ವಂತ ಮನೆ ಇರುವವರೊಬ್ಬರ ಜಾಮೀನು ಸಹಿ ಬೇಕು ಎನ್ನುತ್ತಿದ್ದರು ಆಗ. ರತ್ನಮ್ಮನ ಮನೆಯಲ್ಲಿ ಸಹಿ ಹಾಕಬೇಕಾದವರು ಅದೇ ಚೌಡಪ್ಪ! ಸರಿ, ನನ್ನ ಕಾರ್ಡಿನ ಮೇಲೆಯೇ ಕೊಟ್ಟೆ.

ಮೊದಲು ಕೊಟ್ಟದ್ದು ಕಾಲೇಜಿನ ಅರ್ಥಶಾಸ್ತ್ರ. ಬೇಡಿಕೆ, ಪೂರೈಕೆ, ಬೆಲೆ ನಿರ್ಧಾರ, ಎಲ್ಲ ಇತ್ತು. ವಾರ ಬಿಟ್ಟು ತಂದು ಮೇಜಿನ ಮೇಲಿಟ್ಟು ಒಂದು ಚಿತ್ರ ತೋರಿಸಿದರು. "ಈ ಗೆರೆ ಮೇಲಕ್ಕೆ ಹೋಗುತ್ತೆ, ಆ ಗೆರೆ ಕೆಳಕ್ಕೆ ಬರುತ್ತೆ. ನಮ್ ಮರ ಎಲ್ಲಿದೆ ಮೇಡಂ ಇದ್ರಲ್ಲಿ?" ನನಗೂ ಕಾಣಲಿಲ್ಲ. ಆಮೇಲೆ ಬಡವರು ಶ್ರೀಮಂತರಾಗುವ ಬಗೆ ಹೇಳುವ ಒಂದು ಪುಸ್ತಕ ಕೊಟ್ಟೆ. ಅದು ಇಡೀ ಜಿಲ್ಲೆಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಪುಸ್ತಕ. ಮರುದಿನವೇ ವಾಪಸ್ಸು ಬಂತು. "ಬೆಳಿಗ್ಗೆ ಬೇಗ ಏಳ್ಬೇಕು ಅಂತಾನೆ. ನಾನು ಕೋಳಿಗಿಂತ ಮುಂಚೆ ಏಳ್ತೀನಿ. ಇನ್ನೆಷ್ಟು ಬೇಗ ಏಳ್ಲಿ? ನಿದ್ದೆನೇ ಬಿಡ್ಲಾ?" ಎಂದು ಕೇಳಿದರು. ನಾವಿಬ್ಬರೂ ನಕ್ಕೆವು. ಆದರೆ ಹೊರಗೆ ಹೂವು ಬಿಡುತ್ತಲೇ ಇತ್ತು, ದಿನ ನಿಲ್ಲುವುದಿಲ್ಲವಲ್ಲ.

ಸೋಮವಾರ ನಮಗೆ ರಜ. ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಶ್ರೀಕಂಠಯ್ಯನವರನ್ನು ಮನೆಯಿಂದ ಕರೆದುಕೊಂಡು ಬಂದು ಉಗ್ರಾಣದ ಬಾಗಿಲು ತೆಗೆಸಿದೆ. ಹಣಕಾಸು, ಸಹಕಾರ, ಕೃಷಿ ಮಾರಾಟ ಅಂತ ಕಂಡದ್ದನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಈಗ ನಿಮಗೆ ಹೇಳಬೇಕೆಂದಿರುವುದು ಇದನ್ನೇ. ಆ ದಿನ ನಾನು ಪುಸ್ತಕಗಳ ಮುನ್ನುಡಿ ನೋಡಲಿಲ್ಲ, ಬರೆದವರ ಹೆಸರಿನ ಮುಂದಿನ ಪದವಿ ನೋಡಲಿಲ್ಲ. ಪ್ರತಿಯೊಂದರಲ್ಲೂ ನಷ್ಟದ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕಿದೆ. ಲಾಭದ ಮಾತನ್ನು ಯಾರು ಬೇಕಾದರೂ ಬರೆಯುತ್ತಾರೆ. ನಷ್ಟವಾದರೆ ಅದು ಯಾರ ತಲೆಗೆ ಎಂದು ಬಿಡಿಸಿ ಹೇಳುವವನು ನಿಮ್ಮ ಓದುಗರ ಪರವಾಗಿರುತ್ತಾನೆ. ಎಷ್ಟೋ ದಪ್ಪ ಪುಸ್ತಕಗಳಲ್ಲಿ ಆ ಮಾತೇ ಇರಲಿಲ್ಲ. ಒಂದರಲ್ಲಂತೂ ಕೊನೆಯ ಪುಟದಲ್ಲಿ ಬರೆದವರೇ ನಡೆಸುವ ಉಳಿತಾಯ ಯೋಜನೆಯ ವಿಳಾಸವಿತ್ತು! ಅಂಥದ್ದನ್ನು ಕಂಡರೆ ಮುಟ್ಟದೆ ಪಕ್ಕಕ್ಕಿಡಿ.

ಕೊನೆಗೆ ರದ್ದಿಗೆಂದು ಕಟ್ಟಿಟ್ಟಿದ್ದ ಗಂಟಿನಲ್ಲಿ ಒಂದು ತೆಳು ಪುಸ್ತಕ ಸಿಕ್ಕಿತು. ಮಾರುಕಟ್ಟೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ರೈತರಿಗಾಗಿ ಬರೆದದ್ದು. ರಟ್ಟು ಕಿತ್ತುಹೋಗಿತ್ತು. ಫಸಲನ್ನು ಮುಂಚೆಯೇ ಮಾರಿದರೆ ಗಾಳಿ ಮಳೆಯ ಅಪಾಯವೂ ಅದರ ಜೊತೆ ಮಾರಾಟವಾಗುತ್ತದೆ, ಆ ಅಪಾಯಕ್ಕೆ ವ್ಯಾಪಾರಿ ಬೆಲೆಯಲ್ಲಿ ಎಷ್ಟು ಮುರಿದುಕೊಳ್ಳುತ್ತಾನೆ ಎಂದು ಕೇಳಿ ತಿಳಿಯಿರಿ ಎಂದು ಅದರಲ್ಲಿತ್ತು. ಮಾವು ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಸುಸ್ತಾಗುತ್ತದೆ, ಹಲವು ವರ್ಷಕ್ಕೆ ಗುತ್ತಿಗೆ ಕೊಡುವವರು, ವ್ಯಾಪಾರಿ ಯಾವ ವರ್ಷದ ಫಸಲನ್ನು ನೋಡಿ ಬೆಲೆ ಕಟ್ಟುತ್ತಿದ್ದಾನೆ ಎಂದು ಗಮನಿಸಬೇಕು ಎಂದಿತ್ತು. ಸನ್ನೆಯಲ್ಲಿ ಕಟ್ಟಿದ ಬೆಲೆ ಮಾಲಿನ ಒಡೆಯನಿಗೆ ತಿಳಿಯದಿದ್ದರೆ ಅದು ಬೆಲೆಯೇ ಅಲ್ಲ ಎಂದೂ ಇತ್ತು. ಎರಡು ಕಡೆ ಬರೆದವರು "ಇದು ನನಗೆ ಸರಿಯಾಗಿ ತಿಳಿಯದು" ಎಂದು ಒಪ್ಪಿಕೊಂಡಿದ್ದರು. ಆ ಮಾತು ಓದಿದ ಮೇಲೆ ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು.

"ಅದಾ? ಅದು ರದ್ದಿ ಕಣಮ್ಮ" ಎಂದರು ಶ್ರೀಕಂಠಯ್ಯ.

"ಶ್ರೀನಿವಾಸಪುರದ ಲೆಕ್ಕಕ್ಕೆ ವರ್ಗ ಮಾಡಿ ಸಾರ್. ಅಲ್ಲೂ ರದ್ದಿ ಇದೆ, ಅದರ ಜೊತೆ ಇಡ್ತೀನಿ."

"ನಿನ್ ಬಾಯಿಗೆ ಒಂದು ಬೈಂಡಿಂಗ್ ಹಾಕ್ಸಬೇಕು" ಎಂದು ಗೊಣಗಿಕೊಂಡೇ ಸಹಿ ಹಾಕಿಕೊಟ್ಟರು.

ರತ್ನಮ್ಮ ಆ ಪುಸ್ತಕವನ್ನು ನನ್ನ ಎದುರಿನ ಬೆಂಚಿನಲ್ಲೇ ಕೂತು ಓದಿದರು. ತುಟಿ ಆಡಿಸಿಕೊಂಡು, ತಿಳಿಯದ ಕನ್ನಡ ಪದ ಬಂದರೆ ನನ್ನನ್ನು ಕೇಳಿಕೊಂಡು. ನಾನು ತೆಲುಗಿನಲ್ಲಿ ಹೇಳುತ್ತಿದ್ದೆ. "ಏನು ಮಾಡ್ಲಿ ಮೇಡಂ?" ಎಂದು ಒಂದು ಸಲವಲ್ಲ, ಹಲವು ಸಲ ಕೇಳಿದರು. ನಾನು ಹೇಳಲಿಲ್ಲ. ಪುಸ್ತಕ ಕೊಡುವವರು ನಾವು, ತೋಪು ಅವರದ್ದು. ಇದನ್ನು ಮರೆಯಬೇಡಿ, ಎಷ್ಟೇ ಬಾಯಿ ತುರಿಸಿದರೂ.

ಅಷ್ಟರಲ್ಲಿ ಚೌಡಪ್ಪನಿಗೆ ವಿಷಯ ಮುಟ್ಟಿತು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ವಾಚನಾಲಯದ ನಡುವೆ ನಿಂತು ಗುಡುಗಿದರು.

"ಏನ್ ಮೇಡಂ, ಹೆಂಗಸರಿಗೆ ಎಂಥಾ ಪುಸ್ತಕ ಕೊಡ್ಬೇಕು ಅಂತ ಗೊತ್ತಿಲ್ವಾ ನಿಮ್ಗೆ? ರಂಗೋಲಿ ಇಲ್ವಾ? ಹಾಡಿನ ಪುಸ್ತಕ ಇಲ್ವಾ?"

"ಇದೆ. ನಿಮಗೆ ಬೇಕಾ?" ಎಂದೆ.

ಪೇಪರ್ ಓದುತ್ತಿದ್ದವರು ಕಿಸಕ್ಕನೆ ನಕ್ಕರು. ಅದು ನಾನು ಆಡಬಾರದಿದ್ದ ಮಾತು, ಆದರೆ ನನ್ನ ಗುಣವೇ ಹಾಗೆ. ಚೌಡಪ್ಪನ ಮುಖ ಕೆಂಪಾಯಿತು. "ನನ್ ತಮ್ಮ ಹೋದ ಮೇಲೆ ಆ ತೋಪಿಗೆ ಗೊಬ್ಬರ ಹೊಡ್ಸಿದ್ದು ನಾನು, ಕಾವಲು ಮಲಗಿದ್ದು ನಾನು. ಇವತ್ತು ಒಂದು ಪುಸ್ತಕ ಓದಿ ಅವ್ಳು ನನ್ನ ಕೈ ಅಳೀತಾಳಾ?" ಎಂದರು. ಅವರೂ ಸುಳ್ಳು ಹೇಳುತ್ತಿರಲಿಲ್ಲ ಎನ್ನಿಸಿ ನಾನು ಪೆಚ್ಚಾದೆ.

ಅವರು ಮೇಲಿನವರಿಗೆ ದೂರು ಕೊಟ್ಟರು. ಶ್ರೀಕಂಠಯ್ಯ ತನಿಖೆಗೆ ಬಂದರು. ನನ್ನ ಕಾರ್ಡಿನ ಮೇಲೆ ಮಾವಿನ ಪುಸ್ತಕ ಯಾಕೆ ಎಂದು ಕೇಳಿದರು. ಇದ್ದದ್ದು ಹೇಳಿದೆ. ಪುಸ್ತಕ ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಅಲ್ಲೇ ಕೂತು ಓದಿದರು. ಅವರು ಒಂದು ಪುಸ್ತಕ ಪೂರ್ತಿ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಇದನ್ನ ರದ್ದಿಗೆ ಹಾಕಿದ್ದು ಯಾರು?" ಎಂದರು. "ನೀವೇ ಸಾರ್" ಎಂದೆ. ರತ್ನಮ್ಮನ ಸದಸ್ಯತ್ವದ ಅರ್ಜಿಗೆ ತಾವೇ ಜಾಮೀನು ಸಹಿ ಹಾಕಿ ಬಸ್ಸಿಗೆ ಹೊರಟರು.

ವ್ಯಾಪಾರದ ದಿನ ಸೋಮವಾರ ಬಿತ್ತು. "ನೀವೂ ಬನ್ನಿ ಮೇಡಂ. ಮಾತಾಡ್ಬೇಡಿ, ಸುಮ್ನೆ ನಿಂತ್ಕೊಳ್ಳಿ" ಎಂದಿದ್ದರು ರತ್ನಮ್ಮ. ಹೋದೆ. ತೋಪಿನ ತುಂಬ ಹೂವು, ಜೇನ್ನೊಣಗಳ ಸದ್ದು. ಮಂಡಿಯ ನಂಜುಂಡಶೆಟ್ಟರು ಮರಗಳನ್ನೆಲ್ಲ ಸುತ್ತಿ ನೋಡಿ ಬಂದರು. ಒಳ್ಳೆಯ ಹೆಸರಿದ್ದ ವ್ಯಾಪಾರಿ. ಚೌಡಪ್ಪ ಕೈ ಚಾಚಿದರು, ಶೆಟ್ಟರು ಹಿಡಿದುಕೊಂಡು ಮೇಲೆ ಟವಲು ಹೊದಿಸಿದರು.

"ಅಣ್ಣಾ" ಎಂದರು ರತ್ನಮ್ಮ ಶೆಟ್ಟರಿಗೆ. "ಆ ಟವಲ್ ತೆಗೀರಿ. ಬಾಯಲ್ಲಿ ಹೇಳಿ."

ಇಬ್ಬರೂ ತಿರುಗಿ ನೋಡಿದರು. ಶೆಟ್ಟರು ನಕ್ಕರು. "ಅಮ್ಮಾ, ನಾನು ಇಲ್ಲಿ ಬಾಯಿಬಿಟ್ರೆ ನಾಳೆ ಪಕ್ಕದ ತೋಪಿನೋನು ಅದೇ ರೇಟು ಕೇಳ್ತಾನೆ. ನನ್ ಹೊಟ್ಟೆ ಮೇಲೆ ಹೊಡೀಬೇಡಿ."

"ನನ್ ಕೈ ಮೇಲೆ ನಂಬ್ಕೆ ಇಲ್ವಾ ನಿಂಗೆ?" ಎಂದರು ಚೌಡಪ್ಪ.

"ಇದೆ ಬಾವಗಾರು. ಆದ್ರೆ ತೋಪು ನಂದು. ಅದರ ಬೆಲೆ ನನ್ ಕಿವಿಗೆ ಬೀಳ್ಬೇಕು." ರತ್ನಮ್ಮ ಶೆಟ್ಟರ ಕಡೆ ತಿರುಗಿದರು. "ಹಲವು ವರ್ಷದ ಮಾತು ಬೇಡ. ಈ ವರ್ಷದ್ದು ಹೇಳಿ. ಗಾಳಿ ಮಳೆಗೆ ಅಂತ ಎಷ್ಟು ಮುರ್ಕೊಂಡ್ರಿ, ಅದನ್ನೂ ಹೇಳಿ."

ಶೆಟ್ಟರು ಟವಲು ಎತ್ತಿ ಚೌಡಪ್ಪನ ಕೈಗೆ ಕೊಟ್ಟರು. ಆಮೇಲೆ ಒಂದು ಬೆಲೆ ಹೇಳಿದರು. ಬಾಯಿಬಿಟ್ಟು ಹೇಳಿದ್ದರಿಂದಲೇ ಅದನ್ನು ಕಡಿಮೆ ಹೇಳಿದರು ಎಂದು ನನಗೂ ಗೊತ್ತಾಯಿತು. "ಬೇಡಣ್ಣ. ಫಸಲೂ ಗಾಳೀನೂ ನಾನೇ ಇಟ್ಕೋತೀನಿ" ಎಂದರು ರತ್ನಮ್ಮ.

ಚೌಡಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಓರಗಿತ್ತಿ ಎಂದು ಅವರ ಹೆಂಡತಿ ಕಾಯಿಸಿ ಕಳುಹಿಸುತ್ತಿದ್ದ ಹಾಲೂ ಅಂದಿನಿಂದ ನಿಂತಿತು. ಕಾವಲಿಗೆ ರತ್ನಮ್ಮ, ಅವರ ಮಗಳು, ಅಷ್ಟೇ.

ಕಾಯಿ ದಪ್ಪವಾಗುತ್ತಿದ್ದ ಹೊತ್ತಿಗೆ ಒಂದು ಸಂಜೆ ಗಾಳಿ ಎದ್ದಿತು. ವಾಚನಾಲಯದ ಪೇಪರ್‌ಗಳೆಲ್ಲ ಹಾರಾಡಿದವು. ಹಿಂದೆಯೇ ಆಲಿಕಲ್ಲು. ಹೆಂಚಿನ ಮೇಲೆ ಬಿದ್ದ ಒಂದೊಂದು ಕಲ್ಲನ್ನೂ ಎಣಿಸುತ್ತಾ ಕೂತೆ. ಆ ಪುಸ್ತಕ ನಾನು ಹುಡುಕಿ ತಂದದ್ದು. ತರದೇ ಇದ್ದಿದ್ದರೆ ಈ ಹೊತ್ತಿಗೆ ಆ ಕಾಯಿಗಳು ಶೆಟ್ಟರ ಪಾಲಿನವಾಗಿರುತ್ತಿದ್ದವು, ರತ್ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಇರುತ್ತಿದ್ದರು. ಅವರು ಆಮೇಲೆ ಬಹಳ ದಿನ ಗ್ರಂಥಾಲಯದ ಕಡೆ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಎದುರಾದ ಚೌಡಪ್ಪ, "ಸಂತೋಷ ಆಯ್ತಾ ಮೇಡಂ?" ಎಂದು ಕೇಳಿ ನಿಲ್ಲದೆ ಹೋದರು.

ಮಾವಿನ ಕಾಲ ಮುಗಿದ ಮೇಲೆ ಒಂದು ದಿನ ರತ್ನಮ್ಮ ಬಂದರು. ಬಿಸಿಲಿಗೆ ಕಪ್ಪಾಗಿದ್ದರು. ಕಿವಿಯಲ್ಲಿ ಓಲೆ ಇರಲಿಲ್ಲ, ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. ಪುಸ್ತಕವನ್ನು ಮೇಜಿನ ಮೇಲಿಟ್ಟರು. ನಾನು ಅದನ್ನು ಮುಟ್ಟಲಿಲ್ಲ.

"ಎಷ್ಟು ಹೋಯ್ತು ರತ್ನಮ್ಮಾ?" ಎಂದೆ.

"ಹತ್ತಿರ ಹತ್ತಿರ ಅರ್ಧ. ಉಳಿದಿದ್ದನ್ನ ಗಾಡೀಲಿ ಹಾಕ್ಕೊಂಡು ಮಂಡಿಗೆ ನಾನೇ ಹೋದೆ, ಹರಾಜಲ್ಲಿ ಎದುರಿಗೇ ನಿಂತಿದ್ದೆ. ಶೆಟ್ರು ಅವತ್ತು ಹೇಳಿದ್ದಕ್ಕಿಂತ ಕಮ್ಮಿನೇ ಬಂತು. ಓಲೆ ಅಡ ಇಟ್ಟು ಮಗಳನ್ನ ಟ್ರೈನಿಂಗಿಗೆ ಸೇರಿಸಿ ಬಂದೆ."

ನನ್ನ ಕಣ್ಣು ತುಂಬಿಬಿಟ್ಟಿತು. ತಲೆ ತಗ್ಗಿಸಿ ಏನೋ ಹುಡುಕುವವಳ ಹಾಗೆ ಡ್ರಾಯರ್ ಎಳೆದೆ.

"ಅಯ್ಯೋ, ನೀವ್ಯಾಕೆ ಅಳ್ತೀರಿ ಮೇಡಂ?" ಎಂದರು ರತ್ನಮ್ಮ. "ಈ ವರ್ಷ ಎಷ್ಟು ಹೋಯ್ತು ಅಂತ ನಂಗೆ ಗೊತ್ತು. ಹಿಂದೆ ಅಷ್ಟು ವರ್ಷ ಎಷ್ಟು ಬಂತು ಅಂತ ಇವತ್ತಿಗೂ ಗೊತ್ತಿಲ್ಲ."

ಆಮೇಲೆ ಬೆಂಚು ಎಳೆದುಕೊಂಡು ಕೂತರು.

ಮುಂದಿನ ಹೂವಿನ ಕಾಲಕ್ಕೆ ನಂಜುಂಡಶೆಟ್ಟರು ಮತ್ತೆ ಆ ತೋಪಿಗೆ ಹೋದರಂತೆ. ಒಳಗೆ ಕಾಲಿಡುವ ಮೊದಲು ಬೇಲಿಯ ಆಚೆಯಿಂದಲೇ, ದಾರಿಹೋಕರಿಗೂ ಕೇಳುವ ಹಾಗೆ, ತಮ್ಮ ಬೆಲೆ ಕೂಗಿದರಂತೆ. ರತ್ನಮ್ಮ ಮರದ ಬುಡದಿಂದ ತಲೆಯೆತ್ತಿ, ಅಷ್ಟೇ ಗಟ್ಟಿಯಾಗಿ "ಸಾಲ್ದು" ಎಂದರಂತೆ.